ಪಾವು–ಗ್ರಾಂ ಮೀಮಾಂಸೆ: ದೊಡ್ಡಬೆಳವಂಗಲದ ಹಿಟ್ಟನ್ನು ಕುರಿತು

ಹಿಟ್ಟನ್ನು ಅಳೆಯುವ ಮುನ್ನ ಹಿಟ್ಟು ಎಂದರೇನೆಂದು ನಿಶ್ಚಯಿಸುವುದು ಶಾಸ್ತ್ರಮರ್ಯಾದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲ ಹೋಬಳಿಯಲ್ಲಿ ಗಿರಣಿಯಿಂದ ಬರುವುದೂ ಹಿಟ್ಟೇ, ತಟ್ಟೆಯಲ್ಲಿ ಉರುಳುವುದೂ ಹಿಟ್ಟೇ. ಅಲ್ಲಿ 'ಹಿಟ್ಟುಂಡ್ರಾ?' ಎಂದರೆ ಪುಡಿ ಮುಕ್ಕಿದಿರಾ ಎಂದಲ್ಲ, ಮುದ್ದೆ ಉಂಡಿರಾ ಎಂದು. ಕಾರಣಕ್ಕೂ ಕಾರ್ಯಕ್ಕೂ ಒಂದೇ ಹೆಸರಿಟ್ಟ ಈ ಅದ್ವೈತಭೂಮಿಗೆ ಬಂದು 'ಒಂದು ಪಾವು ರಾಗಿಹಿಟ್ಟು ಎಷ್ಟು ಗ್ರಾಂ?' ಎಂದು ಕೇಳುವವರಿಗೆ ಈ ಪ್ರಬಂಧದ ಉತ್ತರ ಇಷ್ಟೇ: ಲೆಕ್ಕ ಸಿಗುವುದಿಲ್ಲ, ಸಿಗದಿದ್ದರೆ ಊಟವೇನೂ ನಿಲ್ಲುವುದಿಲ್ಲ.

ಮೊದಲ ಸಾಕ್ಷಿ ಸೇರು. ಸೇರು, ಅಚ್ಚೇರು, ಪಾವು ಎಂದು ಪಾತ್ರೆಯ ರೂಪದಲ್ಲಿ ಅಡುಗೆಮನೆಯಲ್ಲಿ ಕೂತಿದ್ದ ಸೇರೇ ತಕ್ಕಡಿಯನ್ನೂ ಏರಿತ್ತು. ಅಲ್ಲಿಯೂ ಅದಕ್ಕೆ ಒಂದು ಮೈಯಲ್ಲ: 80 ತೊಲದ ಪಕ್ಕಾ ಸೇರು ಒಂದು, ಮೈಸೂರು ಸೀಮೆಯ 24 ತೊಲದ ಕಚ್ಚಾ ಸೇರು ಇನ್ನೊಂದು. ತೂಕಕ್ಕೂ ಅಳತೆಗೂ ಒಂದೇ ಹೆಸರಿಟ್ಟರೆ ಪರಿವರ್ತನೆಯ ಕಷ್ಟ ಹೆಸರಿನಲ್ಲೇ ಕರಗುತ್ತದೆ ಎಂಬ ಪೂರ್ವಿಕರ ಈ ಉಪಾಯಕ್ಕೆ ಸಮನಾದ ಸೂತ್ರ ಯಾವ ಗಣಿತಜ್ಞನಿಗೂ ಹೊಳೆದಿಲ್ಲ. ಸರ್ಕಾರ 1956ರ ಕಾಯ್ದೆಯಲ್ಲಿ ಸೇರನ್ನು 933.1 ಗ್ರಾಮಿಗೆ ಕಟ್ಟಿಹಾಕಿತು. 1962ರ ಹೊತ್ತಿಗೆ ಅಂಗಡಿಯಿಂದಲೇ ಅದನ್ನು ಹೊರಹಾಕಿತು. ದಶಾಂಶ ಬಿಂದು ತಗಲಿದ ಸೇರು ಹೆಚ್ಚು ಕಾಲ ಬದುಕಲಿಲ್ಲ. ಪಾವು ಮಾತ್ರ ಯಾವ ಕಾಯ್ದೆಗೂ ಹೆದರದೆ ಅಕ್ಕಿಡಬ್ಬದೊಳಗೆ ಅವಿತು ಉಳಿಯಿತು. (ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವವರಿಗೆ ದಶಾಂಶದ ಹಂಗಾದರೂ ಯಾಕೆ?)

ಎರಡನೆಯ ಸಾಕ್ಷಿ ಹಿಟ್ಟಿನ ಸ್ವಭಾವ. ರಾಗಿಕಾಳು ಸಭ್ಯ, ಪಾತ್ರೆ ತುಂಬಿ ತಲೆ ಸವರಿದರೆ ಪ್ರತಿಸಲವೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದೇ ಕಾಳು ಗಿರಣಿ ಹೊಕ್ಕು ಹೊರಬಂದರೆ ಬಿಸಿಬಿಸಿಯಾಗಿ, ಮೈತುಂಬ ಗಾಳಿ ಕುಡಿದು ಉಬ್ಬಿರುತ್ತದೆ. ಡಬ್ಬ ಬೈಕಿನ ಹಿಂದೆ ಕೂತು ನಾಲ್ಕು ಹಳ್ಳ ಹಾರಿದರೆ ಅರ್ಧ ಗರ್ವ ಇಳಿಯುತ್ತದೆ. ಮನೆ ಮುಂದೆ ಡಬ್ಬವನ್ನು ಕುಕ್ಕಿದರೆ ಉಳಿದರ್ಧವೂ. ಜರಡಿ ಹಿಡಿದರೆ ಮತ್ತೆ ಉಬ್ಬುತ್ತದೆ. ಹೀಗಾಗಿ ಪಾವಿನ ತೂಕವೆಂಬುದು ರಸ್ತೆಯ ಸ್ಥಿತಿಯನ್ನು ಅವಲಂಬಿಸಿದ್ದು. ಅದರ ಅಧಿಕೃತ ಕೋಷ್ಟಕವನ್ನು ಲೋಕೋಪಯೋಗಿ ಇಲಾಖೆಯೇ ಹೊರಡಿಸಬೇಕು. ಅಮೆರಿಕದ ಕಪ್ಪಿನ ಪಾಡೂ ಬೇರೆಯಲ್ಲ: ಚಮಚದಿಂದ ಮೆಲ್ಲನೆ ತುಂಬಿದರೆ 120 ಗ್ರಾಮಿನ ಆಸುಪಾಸು ತೂಗುವ ಮೈದಾ, ಕಪ್ಪನ್ನೇ ಚೀಲಕ್ಕೆ ತುರುಕಿ ತೆಗೆದರೆ 140 ದಾಟುತ್ತದೆ.

'ಹಾಗಾದರೆ ತಕ್ಕಡಿ ಇಟ್ಟುಕೊಳ್ಳಿ' ಎಂಬುದು ಪೂರ್ವಪಕ್ಷ. ಬೇಕರಿಯವರಿಗೆ ಈ ಮಾತು ಒಪ್ಪತಕ್ಕದ್ದೇ. ಒಲೆಯೊಳಗೆ ಹೋದ ಬಿಸ್ಕತ್ತನ್ನು ಹೊರಗೆಳೆದು ಇನ್ನೊಂದು ಹಿಡಿ ಹಿಟ್ಟು ಬೆರೆಸಲು ಬರುವುದಿಲ್ಲವಾದ್ದರಿಂದ ಅವರು ಮೊದಲೇ ತೂಗಲೇಬೇಕು. ಮುದ್ದೆಗೆ ಈ ಶಿಕ್ಷೆ ಇಲ್ಲ. ಅದರಲ್ಲಿ ನಿಷ್ಠೆಯಿಂದ ಅಳೆಯುವುದು ಹಿಟ್ಟನ್ನಲ್ಲ, ಎಸರನ್ನು. ನೀರು ಗಾಳಿ ಕುಡಿದು ಉಬ್ಬುವುದಿಲ್ಲ, ಕುಕ್ಕಿದರೆ ಕುಗ್ಗುವುದಿಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೋಲು ನೆಟ್ಟು, ಬೇಯಲು ಬಿಟ್ಟು ತೊಳಸುವಾಗ ಸಡಿಲವಾದರೆ ಹಿಟ್ಟು ಉದುರಿಸಬಹುದು, ಬಿಗಿಯಾದರೆ ಬಿಸಿನೀರು ಚಿಮುಕಿಸಬಹುದು. ಕೋಲು ಹಿಡಿದ ರಟ್ಟೆಗೆ ಎಷ್ಟು ಬೇಕೆಂದು ತಿಳಿಯುತ್ತದೆ. 'ರಟ್ಟೆಗೆ ಪ್ರಮಾಣಪತ್ರ ಕೊಟ್ಟವರು ಯಾರು?' ಎಂಬುದು ಎರಡನೆಯ ಆಕ್ಷೇಪ. ಗಂಟಿಲ್ಲದ ಮುದ್ದೆಯೇ ಪ್ರಮಾಣಪತ್ರ. ಗಂಟಾದರೆ ಉಣ್ಣುವವರು ಅದನ್ನು ಅಲ್ಲೇ ರದ್ದು ಮಾಡುತ್ತಾರೆ, ಮೇಲ್ಮನವಿಗೂ ಅವಕಾಶವಿಲ್ಲ.

ಆದ್ದರಿಂದ ತೀರ್ಪು: ರಾಗಿ ಬಿಸ್ಕತ್ತು ಮಾಡುವವರು ತಕ್ಕಡಿ ಕೊಳ್ಳಲಿ, ಮುದ್ದೆ ತೊಳಸುವವರು ಎಸರು ಅಳೆಯಲಿ. ಪಾವನ್ನು ಗ್ರಾಮಿಗೆ ತಿರುಗಿಸಲೇಬೇಕೆಂಬ ಹಟ ಇನ್ನೂ ಇದ್ದವರು ನೀರಿನಿಂದ ಆರಂಭಿಸಬಹುದು. ಒಂದು ಲೀಟರು ನೀರು ದೊಡ್ಡಬೆಳವಂಗಲದಲ್ಲೂ ಒಂದು ಕೆಜಿಯೇ ತೂಗುತ್ತದೆ.