ಬುಲ್‌ಡಾಗ್ಸ್ ಮನೆಯ ಸೊಸೆ

ಮೆಲ್ಬರ್ನಿನಲ್ಲಿ ಹೊಸ ಕೆಲಸಕ್ಕೆ ಸೇರಿದ ದಿನ ನಿಮ್ಮ ಓದೇನು, ಅನುಭವವೇನು ಎಂದು ಯಾರೂ ಕೇಳುವುದಿಲ್ಲ. ಕಾಫಿ ಮಷೀನಿನ ಹತ್ತಿರ ಅಡ್ಡಗಟ್ಟಿ ‘ಯಾವ ಟೀಮು?’ ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದೆಲೆಯವರು ‘ತಾವು ಯಾರ ಪೈಕಿ?’ ಅನ್ನುವ ಅದೇ ಧಾಟಿ. ಇಲ್ಲಿಯವರು ಫುಟಿ ಎಂದು ಮುದ್ದಾಗಿ ಕರೆಯುವ ಆಸ್ಟ್ರೇಲಿಯನ್ ಫುಟ್‌ಬಾಲಿಗೆ ದೇಶದಲ್ಲಿ 18 ದೊಡ್ಡ ಟೀಮುಗಳಿವೆ, ಅದರಲ್ಲಿ 9 ಇದೊಂದೇ ಊರಿನವು. ಹೀಗಾಗಿ ‘ನನಗೆ ಯಾವುದೂ ಇಲ್ಲ’ ಎಂದರೆ ನಡೆಯುವುದಿಲ್ಲ. ಪಾಪ, ದಿಕ್ಕಿಲ್ಲದವರು ಎಂದು ಮರುಗಿ ಮಧ್ಯಾಹ್ನದ ಊಟದೊಳಗೆ ಯಾರಾದರೂ ದತ್ತು ತೆಗೆದುಕೊಂಡುಬಿಡುತ್ತಾರೆ. ನಮ್ಮ ಯಜಮಾನರು ಎದೆಯುಬ್ಬಿಸಿ ‘ಆರ್‌ಸಿಬಿ’ ಅಂದರಂತೆ. ಅದು ಯಾವ ಏರಿಯಾ, ಡಾಂಡೆನಾಂಗ್ ಕಡೆಯದೋ ಎಂದು ಕೇಳಿದರಂತೆ.

ನನ್ನದು ವೆಸ್ಟರ್ನ್ ಬುಲ್‌ಡಾಗ್ಸ್. ಕೂತು ಯೋಚಿಸಿ ಆರಿಸಿಕೊಂಡದ್ದಲ್ಲ, ಕಡಲೆಬೇಳೆ ತರಲು ಹೋಗಿ ಆದದ್ದು. ಊರಿನ ಪಶ್ಚಿಮಕ್ಕಿರುವ ನಮ್ಮಂಥವರಿಗೆ ಫುಟ್‌ಸ್ಕ್ರೇಯ ಬಾರ್ಕ್ಲಿ ಸ್ಟ್ರೀಟ್ ಎಂದರೆ ಹುಣಸೆಹಣ್ಣು, ಚಿರೋಟಿ ರವೆ, ಊದಿನಕಡ್ಡಿ. ಅದೇ ರಸ್ತೆಯಲ್ಲಿ ಇನ್ನಷ್ಟು ದೂರ ನಡೆದರೆ ವಿಟನ್ ಓವಲ್ ಮೈದಾನ, ಹೊರಗಡೆ ಟೆಡ್ ವಿಟನ್ ಎಂಬ ಹಳೆಯ ಆಟಗಾರನ ಪ್ರತಿಮೆ. ಬಸ್ಸು ತಡ ಎಂದು ಕೈಚೀಲ ಹಿಡಿದು ಒಳಗೆ ಇಣುಕಿದೆ. ಏಳಡಿ ಹುಡುಗರು ಮೊಟ್ಟೆಯಾಕಾರದ ಚೆಂಡನ್ನು ಒದೆಯುತ್ತಿದ್ದರು. ನೆಲಕ್ಕೆ ಬಿದ್ದ ಮೇಲೆ ಅದು ಯಾವ ಕಡೆ ನೆಗೆಯುತ್ತದೆಂದು ಒದ್ದವನಿಗೂ ಗೊತ್ತಿಲ್ಲ, ಹಿಡಿಯಲು ಓಡಿದವನಿಗೂ ಗೊತ್ತಿಲ್ಲ. ಇದು ನಮ್ಮ ಸಂಸಾರಕ್ಕೆ ಹೇಳಿ ಮಾಡಿಸಿದ ಆಟ ಎಂದು ಅವತ್ತೇ ಅನ್ನಿಸಿತು.

‘ಅದೂ ಒಂದು ಆಟವೇ?’ ಎನ್ನುವುದು ಯಜಮಾನರ ವಾದ. ಕಡೆಗೆ 18 ಜನ, ನಾಲ್ಕು ಕ್ವಾರ್ಟರ್, ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಗುರಿ ತಪ್ಪಿ ಪಕ್ಕದ ಕುಳ್ಳ ಕಂಬದ ಒಳಗೆ ಹೋದರೆ ಬಿಹೈಂಡ್, 1 ಅಂಕ. ಈ ಒಂದು ಅಂಕದ ಮೇಲೆ ನಮ್ಮ ಮನೆಯಲ್ಲಿ ಎಷ್ಟು ರಾತ್ರಿ ಊಟ ಆರಿದೆಯೋ ಲೆಕ್ಕವಿಲ್ಲ. ‘ತಪ್ಪು ಮಾಡಿದವನಿಗೆ ಸಮಾಧಾನಕರ ಬಹುಮಾನ ಕೊಡೋ ಆಟ ನಿಂದು’ ಎನ್ನುತ್ತಾರೆ. ‘ನಿಮ್ಮ ಕ್ರಿಕೆಟ್ಟಿನಲ್ಲಿ ಸ್ಟಂಪಿಗೆ ಕೂದಲೆಳೆ ತಪ್ಪಿದ ಬೌಲರಿಗೆ ಏನು ಕೊಡ್ತಾರೆ? ತಲೆ ಮೇಲೆ ಕೈ ಹೊತ್ತುಕೊಂಡು ವಾಪಸ್ ನಡಿ ಅಂತಾರೆ. ಇಲ್ಲಿ ಬಾವುಟ ಬೀಸಿ ಒಂದು ಅಂಕ ಕೊಡ್ತಾರೆ’ ಎನ್ನುತ್ತೇನೆ ನಾನು. ಆ ಬಾವುಟ ಬೀಸುವ ಗೋಲ್ ಅಂಪೈರನ್ನು ನೋಡಲೆಂದೇ ನಾನು ಟಿಕೆಟ್ ಕೊಡಲು ಸಿದ್ಧ. ಗೋಲಾದರೆ ಸೊಂಟದ ಹತ್ತಿರ ಎರಡೂ ತೋರುಬೆರಳು ಚಾಚುತ್ತಾನೆ, ಬಿಹೈಂಡಾದರೆ ಒಂದೇ. ಆಮೇಲೆ ಮುಖದಲ್ಲಿ ಒಂದಿಷ್ಟೂ ಭಾವನೆಯಿಲ್ಲದೆ ಬಾವುಟ ಎತ್ತಿ ಬೀಸುತ್ತಾನೆ. ಸುತ್ತ ಐವತ್ತು ಸಾವಿರ ಜನ ಅವನ ವಂಶವನ್ನೇ ಬೈಯುತ್ತಿದ್ದರೂ ಬಾವುಟದ ಗತಿ ತಪ್ಪುವುದಿಲ್ಲ.

ಬುಲ್‌ಡಾಗ್ಸ್ ಶ್ರೀಮಂತರ ಮನೆಯಲ್ಲ. ಹಳೆಯ ಹೆಸರು ಫುಟ್‌ಸ್ಕ್ರೇ. ಕಾರ್ಖಾನೆ, ಹಡಗುಕಟ್ಟೆ, ಕಸಾಯಿಖಾನೆಗಳ ಕಡೆಯ ದುಡಿಯುವ ಜನರ ಟೀಮು. 1925ರಲ್ಲಿ ದೊಡ್ಡ ಲೀಗಿಗೆ ಬಂತು, 1954ರಲ್ಲಿ ಮೆಲ್ಬರ್ನ್ ಟೀಮನ್ನು 51 ಅಂಕದಿಂದ ಸೋಲಿಸಿ ಮೊದಲ ಪ್ರೀಮಿಯರ್‌ಶಿಪ್ ಗೆದ್ದಿತು, ಆಮೇಲೆ ಸುಮ್ಮನಾಯಿತು. 1989ರಲ್ಲಿ ದುಡ್ಡಿಲ್ಲವೆಂದು ಇದನ್ನು ಫಿಟ್ಜ್‌ರಾಯ್ ಟೀಮಿನ ಜೊತೆ ಸೇರಿಸಿಬಿಡಲು ಮಾತುಕತೆ ಮುಗಿದೇ ಹೋಗಿತ್ತು. ಪೀಟರ್ ಗಾರ್ಡನ್ ಎಂಬ ವಕೀಲರ ಮುಂದಾಳತ್ವದಲ್ಲಿ ಜನ ತಿರುಗಿಬಿದ್ದರು. ಡಬ್ಬಿ ಕುಲುಕಿಕೊಂಡು ಬೀದಿಬೀದಿ ಸುತ್ತಿ ಚಿಲ್ಲರೆ ಕೂಡಿಸಿ ಕ್ಲಬ್ಬನ್ನು ಉಳಿಸಿಕೊಂಡರು. ಮೈದಾನದಲ್ಲಿ ನನ್ನ ಪಕ್ಕದ ಸೀಟಿನ ಅಜ್ಜಿ ಹಾಗೆ ಡಬ್ಬಿ ಹಿಡಿದವರಲ್ಲಿ ಒಬ್ಬರು. ಇವತ್ತಿಗೂ ಟೀಮು ಕೆಟ್ಟದಾಗಿ ಆಡಿದರೆ ‘ಇದಕ್ಕೇನಾ ನಾನು ಮಳೆಯಲ್ಲಿ ನಿಂತಿದ್ದು’ ಎಂದು ಗೊಣಗುತ್ತಾರೆ. ಬಡ್ಡಿ ಸಮೇತ ವಾಪಸ್ ಕೇಳುವ ಹಕ್ಕು ಅವರಿಗಿದೆ ಎಂದೇ ನನ್ನ ಅಭಿಪ್ರಾಯ.

ಕ್ಲಬ್ಬು ಉಳಿಯಿತು, ಗೆಲುವು ಮಾತ್ರ ಬರಲಿಲ್ಲ. 1985ರಿಂದ 2010ರವರೆಗೆ ಏಳು ಸಲ ಸೆಮಿಫೈನಲ್ಲಿಗೆ ಸಮನಾದ ಪ್ರಿಲಿಮಿನರಿ ಫೈನಲ್ ತಲುಪಿ ಏಳೂ ಸೋತರು. 1997ರದ್ದು ಅಡಿಲೇಡ್ ಎದುರು, ಬರೀ 2 ಅಂಕದಿಂದ. ಟೋನಿ ಲಿಬರಟೋರೆ ಎಂಬ ಕುಳ್ಳ ಆಟಗಾರ ಕೊನೆಯಲ್ಲಿ ಒದ್ದು, ಗೋಲೇ ಆಯಿತೆಂದು ಕೈ ಎತ್ತಿ ಕುಣಿದ. ಅಂಪೈರ್ ಚಾಚಿದ್ದು ಒಂದೇ ಬೆರಳು. ಅಜ್ಜಿ ಇದನ್ನು ಹೇಳುವಾಗ ನಾನು ಚಕ್ಕುಲಿ ಡಬ್ಬಿ ಮುಂದೆ ಹಿಡಿಯುತ್ತೇನೆ. (ಇಲ್ಲಿ ಮೈದಾನಕ್ಕೆ ಮನೆ ತಿಂಡಿ ಒಯ್ಯಬಹುದು. ಜನ ಮಾಂಸದ ಪೈ ತಿನ್ನುತ್ತಾರೆ, ನಾವು ಚಕ್ಕುಲಿ, ಚಿತ್ರಾನ್ನ. ಎರಡನೆಯ ಕ್ವಾರ್ಟರ್ ಹೊತ್ತಿಗೆ ನಮ್ಮ ಸಾಲಿನಲ್ಲಿ ಪೈ ತಿನ್ನುವವರು ಕಡಿಮೆಯಾಗಿರುತ್ತಾರೆ.) 2025ರಲ್ಲಿ ಆರ್‌ಸಿಬಿ ಗೆದ್ದಾಗ ಯಜಮಾನರು ‘18 ವರ್ಷ ಕಾದೆ ಕಣೇ’ ಎಂದು ಕಣ್ಣೊರೆಸಿಕೊಂಡರು. ನಮ್ಮದು 62 ಅಂದೆ.

ಆ 62 ತುಂಬಿದ 2016ನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಆ ವರ್ಷ ಮೇ ತಿಂಗಳಲ್ಲಿ ಮನೆಯಲ್ಲಿ ಒಂದು ಸೂತಕ ಆಗಿಹೋಗಿತ್ತು. ಕೊಹ್ಲಿ ಒಬ್ಬನೇ 973 ರನ್ ಹೊಡೆದ ಸೀಸನ್ನು, ಫೈನಲ್ ಬೆಂಗಳೂರಿನಲ್ಲೇ, ಆದರೂ ಆರ್‌ಸಿಬಿ 8 ರನ್ನಿನಿಂದ ಸೋತಿತು. ಆಟ ಮುಗಿಯುವಾಗ ನಮಗೆ ಬೆಳಗಿನ ಜಾವ. ಆ ಹೊತ್ತಿನಿಂದ ಯಜಮಾನರು ಯಾರ ಸಂತೋಷವನ್ನೂ ಸಹಿಸುವ ಸ್ಥಿತಿಯಲ್ಲಿರಲಿಲ್ಲ. ಅಂಥದರಲ್ಲಿ ಪಟ್ಟಿಯಲ್ಲಿ ಏಳನೆಯ ಸ್ಥಾನದಲ್ಲಿದ್ದ ಬುಲ್‌ಡಾಗ್ಸ್ ಪರ್ತಿಗೆ ಹೋಗಿ ವೆಸ್ಟ್ ಕೋಸ್ಟನ್ನು ಮುಗಿಸಿ, ಮೂರು ವರ್ಷದ ಚಾಂಪಿಯನ್ ಹಾಥಾರ್ನನ್ನು ಕೆಡವಿ, ಸಿಡ್ನಿಯಲ್ಲಿ ಜಯಂಟ್ಸನ್ನು 6 ಅಂಕದಿಂದ ದಾಟಿ ಗ್ರಾಂಡ್ ಫೈನಲ್ಲಿಗೆ ಬಂದುಬಿಟ್ಟಿತು. ಅಕ್ಟೋಬರ್ 1, ಶನಿವಾರ, ಮಧ್ಯಾಹ್ನ ಎರಡೂವರೆಗೆ.

ಆಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಜೊತೆಗೆ ಒಂಟಿಕೊಪ್ಪಲ್ ಪಂಚಾಂಗವೂ ಬಂದಿತ್ತು.

‘ಶನಿವಾರ ಪಾಡ್ಯ ಕಣಮ್ಮ. ಬೆಳಿಗ್ಗೆ ಪಟ್ಟದ ಗೊಂಬೆ ಕೂರಿಸೋದು, ಮಧ್ಯಾಹ್ನ ಮೂರಕ್ಕೆ ಹೆಂಗಸರನ್ನ ಅರಿಶಿನ ಕುಂಕುಮಕ್ಕೆ ಕರೆಯೋದು’ ಅಂದರು.

ಮೂರಕ್ಕೆ! ಯಜಮಾನರು ಸೋಫಾದಿಂದ ‘ಶಾಸ್ತ್ರ ಅಂದ್ರೆ ಶಾಸ್ತ್ರ’ ಎಂದು ದನಿಗೂಡಿಸಿದರು. ಉಗಾದಿ ಯಾವತ್ತೆಂದು ವಾಟ್ಸ್ಯಾಪ್ ನೋಡಿ ತಿಳಿದುಕೊಳ್ಳುವ ಮನುಷ್ಯ. ನಾನು ಅವತ್ತು ರಾತ್ರಿ ಪಂಚಾಂಗ ಹಿಡಿದು ಕೂತೆ. ಪರೀಕ್ಷೆಗೂ ಹಾಗೆ ಓದಿರಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಅತ್ತೆಯ ಕೈಗಿಟ್ಟು ವಿನಯವಾಗಿ ಶುರು ಮಾಡಿದೆ.

‘ಅತ್ತೆ, ತಿಥಿ ನೋಡೋದು ನಾವಿರೋ ಊರಿನ ಸೂರ್ಯೋದಯಕ್ಕಲ್ವಾ?’

‘ಮತ್ತೆ? ಕಂಡೋರ ಊರಿನ ಸೂರ್ಯೋದಯಕ್ಕಾ?’

‘ಮೈಸೂರಲ್ಲಿ ಶನಿವಾರ ಸೂರ್ಯ ಹುಟ್ಟೋ ಮೊದಲೇ ಅಮಾವಾಸ್ಯೆ ಕಳೆದುಬಿಡುತ್ತೆ. ಇಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ. ನಮಗೆ ಬೆಳಿಗ್ಗೆ 10 ದಾಟೋವರೆಗೂ ಅಮಾವಾಸ್ಯೆನೇ. ಉದಯಕ್ಕೆ ಪಾಡ್ಯ ಸಿಗೋದು ಭಾನುವಾರ.’

ಅತ್ತೆ ಕನ್ನಡಕ ಏರಿಸಿ ಬೆರಳೆಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಮಗನ ಕಡೆ ತಿರುಗಿ, ‘ನೋಡೋ, ಇಷ್ಟು ದೂರ ಬಂದ ಮೇಲೂ ಈ ಮಗು ಎಷ್ಟು ತಿಳ್ಕೊಂಡಿದೆ. ನಿನಗೆ ಅಮಾವಾಸ್ಯೆ ಹುಣ್ಣಿಮೆ ವ್ಯತ್ಯಾಸ ಗೊತ್ತಿಲ್ಲ’ ಅಂದರು. ಯಜಮಾನರು ನನ್ನನ್ನು ನೋಡಿದ ನೋಟವನ್ನು ವಿವರಿಸುವುದು ಬೇಡ. ಲೆಕ್ಕ ನೂರಕ್ಕೆ ನೂರು ಸರಿಯಿತ್ತು, ಅದೇ ಅವರ ಸಂಕಟ. ಹಿಂದಿನ ದಿನ ಶುಕ್ರವಾರ ಮಹಾಲಯದ ತರ್ಪಣಕ್ಕೂ ತೊಂದರೆಯಾಗಲಿಲ್ಲ. ಗ್ರಾಂಡ್ ಫೈನಲ್ ಮುನ್ನಾದಿನವೆಂದು ವಿಕ್ಟೋರಿಯಾ ಸರ್ಕಾರವೇ ರಜೆ ಕೊಟ್ಟಿತ್ತು. ಈ ಸರ್ಕಾರಕ್ಕೆ ಪಿತೃಗಳ ಮೇಲೆ ಇಷ್ಟು ಭಕ್ತಿ ಇದೆಯಲ್ಲ ಎಂದು ಅತ್ತೆ ಕೊಂಡಾಡಿದರು. ನಾನು ತಿದ್ದಲಿಲ್ಲ.

ಶನಿವಾರ ಎರಡೂವರೆಗೆ ಅತ್ತೆಯೂ ಟೀವಿ ಮುಂದೆ ಕೂತರು. ಮೊದಲು ಅಭಿಮಾನಿಗಳು ಕಟ್ಟಿದ ದೊಡ್ಡ ಕಾಗದದ ಬ್ಯಾನರು ಎದ್ದು ನಿಂತಿತು. ಕ್ರೇಪ್ ಕಾಗದ, ಗಜಗಟ್ಟಲೆ ಟೇಪು, ಆಳೆತ್ತರದ ಅಕ್ಷರ, ಗಂಟೆಗಟ್ಟಲೆಯ ಕೆಲಸ. ಆಟಗಾರರು ಸಾಲಾಗಿ ಓಡಿ ಬಂದು ಅದನ್ನು ಹರಿದುಕೊಂಡು ಆಚೆ ಹೋದರು.

‘ಅಯ್ಯೋ! ಯಾರಾದ್ರೂ ಆ ಹುಡುಗರಿಗೆ ಬಾಗಿಲು ತೋರಿಸಬಾರದಿತ್ತೇ?’

ಎದುರಾಳಿ ಸಿಡ್ನಿ ಸ್ವಾನ್ಸ್ ಎಂದು ಯಜಮಾನರು ಬಾಯಿಬಿಟ್ಟಿದ್ದೇ ಮನೆಯ ರಾಜಕೀಯ ತಲೆಕೆಳಗಾಯಿತು. ‘ಹಂಸವೇ? ನವರಾತ್ರಿ ಹೊಸ್ತಿಲಲ್ಲಿ ಸರಸ್ವತಿ ವಾಹನ ಸೋಲಬಾರದು ಕಣಮ್ಮ.’ ಯಜಮಾನರು ಸಿಡ್ನಿ ಕಡೆಯವರಾದದ್ದು ಆ ಕ್ಷಣದಲ್ಲಿ. ನಾನು ಬಿಡುವವಳೇ? ‘ನಾಯಿ ಕಾಲಭೈರವನ ವಾಹನ ಅತ್ತೆ. ಧರ್ಮರಾಯನ ಜೊತೆ ಸ್ವರ್ಗದ ಬಾಗಿಲವರೆಗೂ ಹೋಗಿದ್ದು ಹಂಸವಾ, ನಾಯಿಯಾ?’ ಅತ್ತೆ ಯೋಚಿಸಿ, ಅರ್ಧ ಆಟದವರೆಗೆ ತಟಸ್ಥವಾಗಿರುವುದಾಗಿ ತೀರ್ಪು ಕೊಟ್ಟರು.

ಆದರೆ ತಟಸ್ಥ ನೀತಿ ಉಳಿಯಲಿಲ್ಲ. ಇಪ್ಪತ್ತು ತುಂಬಿದ ಒಬ್ಬ ಎತ್ತರದ ಹುಡುಗ ಅವರ ಕಣ್ಣಿಗೆ ಬಿದ್ದ. ಹೆಸರು ಮಾರ್ಕಸ್ ಬೋಂಟೆಂಪೆಲ್ಲಿ ಎಂದೆ. ‘ಬೊಂತೆಂಪಳ್ಳಿಯೇ? ಚಿಂತಾಮಣಿ ಕಡೆಯವನಾ?’ ಅಲ್ಲವೆಂದರೂ ಒಪ್ಪಲಿಲ್ಲ. ಕೊನೆಯ ಕ್ವಾರ್ಟರಿಗೆ ಹೋಗುವಾಗ ನಾವು 8 ಅಂಕ ಮುಂದೆ. ಡೇಲ್ ಮಾರಿಸ್, ಬೆನ್ನುಮೂಳೆ ಮುರಿದಿದ್ದನ್ನು ಬಚ್ಚಿಟ್ಟುಕೊಂಡು ಆಡುತ್ತಿದ್ದ ಪುಣ್ಯಾತ್ಮ, ಸಿಡ್ನಿಯ ಬಲಭೀಮ ಲಾನ್ಸ್ ಫ್ರಾಂಕ್ಲಿನ್ನನ್ನು ಹಿಡಿದು ಕೆಡವಿದ. ಚೆಂಡು ಜಾರಿ ಟಾಮ್ ಬಾಯ್ಡ್ ಕೈ ಸೇರಿತು. ಅವನು ಎಲ್ಲಿಂದಲೋ ಒದ್ದ. ಆ ಮೊಟ್ಟೆ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಒಂದು ಸಲವಾದರೂ ನೆಟ್ಟಗೆ ಹೋಗಿ ಎರಡು ಕಂಬದ ನಡುವೆ ನುಗ್ಗಿತು. ನಾನು ಕೂಗಿದ ಕೂಗಿಗೆ ಮಗಳು ಹೆದರಿ ಅಡುಗೆಮನೆಗೆ ಓಡಿದಳು. ನೋಡಿದರೆ ಅತ್ತೆ ಕಾಫಿ ಲೋಟ ಹಿಡಿದು ಎದ್ದು ನಿಂತಿದ್ದಾರೆ. 89ಕ್ಕೆ 67. ಆಡಿದವರಲ್ಲಿ ಒಬ್ಬ ಟಾಮ್ ಲಿಬರಟೋರೆ, 1997ರಲ್ಲಿ ಕುಣಿದು ಸೋತವನ ಮಗ. ಅಧ್ಯಕ್ಷರ ಕುರ್ಚಿಯಲ್ಲಿ ಮತ್ತೆ ಅದೇ ಪೀಟರ್ ಗಾರ್ಡನ್.

ಪದಕ ಕೊಡುವಾಗ ಕೋಚ್ ಲ್ಯೂಕ್ ಬೆವರಿಜ್ ವೇದಿಕೆಗೆ ಬಾಬ್ ಮರ್ಫಿಯನ್ನು ಕರೆದರು. ಮರ್ಫಿ ಟೀಮಿನ ನಾಯಕ, ಏಪ್ರಿಲಿನಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆಟದಿಂದ ಹೊರಗುಳಿದವನು. ಕೋಚು ತನ್ನ ಕೊರಳಿನ ಪದಕ ತೆಗೆದು ಅವನ ಕೊರಳಿಗೆ ಹಾಕಿದರು. ಏನಾಗ್ತಿದೆ ಎಂದು ಅತ್ತೆ ಕೇಳಿದರು, ಹೇಳಿದೆ. ಸೆರಗಿನಲ್ಲಿ ಮೂಗೊರೆಸಿಕೊಂಡು, ‘ಭರತ ಸಿಂಹಾಸನದ ಮೇಲೆ ಪಾದುಕೆ ಇಟ್ಟ ಹಾಗಾಯ್ತು. ಒಳ್ಳೇ ಮನೆತನದವರು’ ಅಂದರು. ಯಜಮಾನರು ಯಾವ ಟೀಮಿಗೂ ಸೇರದೆ ಒಬ್ಬರೇ ಉಳಿದರು.

ಭಾನುವಾರ ಗೊಂಬೆ ಕೂರಿಸಬೇಕು. ಅವತ್ತೇ ವಿಟನ್ ಓವಲ್ಲಿನಲ್ಲಿ ಕಪ್ಪಿನ ಮೆರವಣಿಗೆ, ಸಾಲದ್ದಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ದಿನವೂ ಅದೇ. ಉಸಲಿಗೆ ಕಡಲೆಬೇಳೆ ಇಲ್ಲ, ಬಾರ್ಕ್ಲಿ ಸ್ಟ್ರೀಟಿಗೆ ಹೋಗಿ ಬರ್ತೀನಿ ಎಂದು ಹೊರಟೆ. ಡಬ್ಬಿಯಲ್ಲಿ ಬೇಳೆ ಇತ್ತು, ಅದು ಅತ್ತೆಗೂ ಗೊತ್ತಿತ್ತು. ‘ನನ್ನನ್ನೂ ಕರ್ಕೊಂಡು ಹೋಗು, ಬೇಳೆ ಆರಿಸೋದಕ್ಕೆ’ ಅಂದರು. ಕೆಂಪು, ಬಿಳಿ, ನೀಲಿ ಸ್ಕಾರ್ಫಿನ ಸಾವಿರಾರು ಜನರ ನಡುವೆ ಮೈಸೂರು ಸಿಲ್ಕಿನ ಸೀರೆ ಒಂದೇ ಒಂದು ಇತ್ತು. ಸಂಜೆ ನೋಡಿದರೆ ಮಗಳು ಬುಲ್‌ಡಾಗ್ ಗೊಂಬೆಯನ್ನು ಕೆಳಗಿನ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಹಸು, ಜಿರಾಫೆಗಳ ಜೊತೆ ಇಟ್ಟಿದ್ದಳು. ಅತ್ತೆ ಅದನ್ನೆತ್ತಿ ಮೂರು ಮೆಟ್ಟಿಲು ಮೇಲಕ್ಕೆ, ರಾಜ ರಾಣಿಯ ಪಕ್ಕಕ್ಕೆ ಏರಿಸಿದರು.

2021ರ ಗ್ರಾಂಡ್ ಫೈನಲ್ ಬಗ್ಗೆ ನಮ್ಮ ಮನೆಯಲ್ಲಿ ಮಾತಾಡುವುದಿಲ್ಲ. ಮೂರನೆಯ ಕ್ವಾರ್ಟರಿನಲ್ಲಿ 19 ಅಂಕ ಮುಂದಿದ್ದವರು 74 ಅಂಕದಿಂದ ಸೋತರು. ಇಷ್ಟು ಸಾಕು.

ಅತ್ತೆ ಈಗ ಮೈಸೂರಿನಿಂದ ಭಾನುವಾರ ಫೋನ್ ಮಾಡುತ್ತಾರೆ. ಮಗನ ಬಿಪಿ, ಮೊಮ್ಮಗಳ ಓದು ಎರಡು ಮಾತಿನಲ್ಲಿ ಮುಗಿಯುತ್ತದೆ. ಬೊಂತೆಂಪಳ್ಳಿ ಹುಡುಗ ಕ್ಯಾಪ್ಟನ್ ಆಗಿದ್ದು ಅವರಿಗೆ ತಾವೇ ಬಡ್ತಿ ಕೊಡಿಸಿದಷ್ಟು ಹೆಮ್ಮೆ. ಮೊನ್ನೆ ಸೋತ ಸುದ್ದಿ ಹೇಳಿದೆ. ಗೋಲಿಗಿಂತ ಬಿಹೈಂಡೇ ಜಾಸ್ತಿ ಹೊಡೆದರು ಎಂದೆ.

‘ಆ ನಡುವಿನ ಕಂಬ ಎರಡನ್ನೂ ಒಂದೊಂದು ಮಾರು ದೂರ ನೆಡೋಕೆ ಹೇಳು. ವರ್ಷವರ್ಷ ಮೆಂಬರ್‌ಶಿಪ್ ದುಡ್ಡು ಕಟ್ಟಲ್ವಾ ನಾವು?’

‘ಆಗ ಎದುರಿನವರಿಗೂ ಅಗಲ ಆಗುತ್ತಲ್ಲ ಅತ್ತೆ?’

‘ನಾವು ಒದೆಯೋ ಕಡೆ ಮಾತ್ರ ಕಣಮ್ಮ.’

‘ಕ್ವಾರ್ಟರಿಗೊಂದು ಸಲ ಕಡೆ ಬದಲಾಗುತ್ತೆ.’

‘ಹಾಗಾದ್ರೆ ಕ್ವಾರ್ಟರಿಗೊಂದು ಸಲ ಕಿತ್ತು ನೆಡಲಿ. ಹುಡುಗರು ಗಟ್ಟಿಮುಟ್ಟಾಗಿದ್ದಾರಲ್ಲ.’