ಸ್ಥಾವರ–ಜಂಗಮ ಟೈಪ್ ಸಮನ್ವಯ ಮೀಮಾಂಸೆ

ಪ್ರೋಗ್ರಾಮಿಂಗ್ ಲೋಕದಲ್ಲಿ ಮತಗಳು ಎರಡು. ಪ್ರೋಗ್ರಾಂ ಓಡುವ ಮೊದಲೇ ಪ್ರತಿ ಹೆಸರಿನ ಕುಲಗೋತ್ರ, ಅಂದರೆ ಟೈಪ್, ವಿಚಾರಿಸಿ, ಸರಿಬಾರದವರನ್ನು ಹೊಸ್ತಿಲಲ್ಲೇ ತಡೆಯುವುದು ಸ್ಥಾವರ ಮತ. ಜಾವಾ ಇದರ ಮಡಿವಂತ ಶಾಖೆ. ‘ಮೊದಲು ಓಡಲಿ, ಎಡವಿದಾಗ ನೋಡೋಣ’ ಎಂಬುದು ಜಂಗಮ ಮತ. ಈ ಮತದ ಜಾವಾಸ್ಕ್ರಿಪ್ಟ್‌ನಲ್ಲಿ "1" ಎಂಬ ಸ್ಟ್ರಿಂಗ್‌ಗೆ 1 ಕೂಡಿಸಿದರೆ "11", ಅದರಿಂದಲೇ 1 ಕಳೆದರೆ 0. ಇದನ್ನು ಲೀಲೆಯೆಂದು ಒಪ್ಪಿದವರಿಗೆ ಮಾತ್ರ ದೀಕ್ಷೆ.

ಎರಡಕ್ಕೂ ಸಂಬಂಧ ಕುದುರಿಸಿದ ಆಚಾರ್ಯರು ಜೆರೆಮಿ ಸೀಕ್ ಮತ್ತು ವಾಲಿದ್ ತಾಹಾ. 2006ರಲ್ಲಿ ‘ಗ್ರ್ಯಾಜುಯಲ್ ಟೈಪಿಂಗ್’ ದರ್ಶನವನ್ನು ಸ್ಥಾಪಿಸಿದ ಇವರು, ಟೈಪ್ ಗೊತ್ತಿಲ್ಲದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಕೆಂದರು. (ಅಜ್ಞಾನಕ್ಕೂ ಸ್ಥಾನ ಕೊಟ್ಟ ಈ ಔದಾರ್ಯ ನಮ್ಮ ಪರೀಕ್ಷಾ ಮಂಡಳಿಗಳಿಗೂ ಬರಲಿ.) ಈ ಪ್ರಶ್ನಾರ್ಥಕ ಮದುವೆ ದಲ್ಲಾಳಿಯಿದ್ದಂತೆ: ಸಂಖ್ಯೆಗೂ ಬೇಕಾದವನು, ಸ್ಟ್ರಿಂಗ್‌ಗೂ ಬೇಕಾದವನು, ಹಾಗೆಂದು ಸಂಖ್ಯೆಯೂ ಸ್ಟ್ರಿಂಗೂ ಬೀಗರಾಗುವಂತಿಲ್ಲ. ಇಡೀ ಸಿದ್ಧಾಂತ ಈ ಒಂದು ನಿಷೇಧದ ಮೇಲೆ ನಿಂತಿದೆ.

ಶಂಕೆ: ಟೈಪ್ ಬರೆದ ಸೀಮೆ, ಬರೆಯದ ಸೀಮೆ ಎರಡೂ ಕೂಡುವಲ್ಲಿ ಸುಳ್ಳು ನುಸುಳಿದರೆ? ಸಮಾಧಾನ: ಗಡಿಯಲ್ಲಿ ತಪಾಸಣೆ ಉಂಟು. ಸಿಕ್ಕಿಬಿದ್ದರೆ ದೂರು ಯಾರ ತಲೆಗೆ? ಹೆಚ್ಚು ನಿಖರವಾಗಿ ಟೈಪ್ ಬರೆದ ಕಡೆಯವರ ತಲೆಗಂತೂ ಬಾರದೆಂದು ವಾಡ್ಲರ್ ಮತ್ತು ಫಿಂಡ್ಲರ್ 2009ರಲ್ಲಿ ಗಣಿತದಿಂದಲೇ ಸಾಧಿಸಿದರು. ತಪ್ಪು ಯಾವಾಗಲೂ ಆಚೆ ತಂಡದ್ದು ಎಂಬ ಪ್ರಮೇಯ ನಮ್ಮ ಆಫೀಸುಗಳಲ್ಲಿ ಸಾಧನೆಯ ಗೋಜಿಲ್ಲದೆಯೇ ಆಚರಣೆಯಲ್ಲಿದೆ.

ತಪಾಸಣೆಗೆ ಸುಂಕವೂ ಉಂಟು. ಟೈಪ್ಡ್ ರ‍್ಯಾಕೆಟ್ ಭಾಷೆಯನ್ನು ಅಳೆದ 2016ರ ಅಧ್ಯಯನದಲ್ಲಿ, ಅರ್ಧ ಟೈಪ್ ಬರೆದು ಅರ್ಧ ಬಿಟ್ಟ ಕೆಲವು ಮಿಶ್ರಣಗಳು ನೂರು ಪಟ್ಟಿಗಿಂತಲೂ ಹೆಚ್ಚು ನಿಧಾನವಾದವು. ‘ಈ ದರ್ಶನ ಸತ್ತಿತೇ?’ ಎಂಬರ್ಥದ ಪ್ರಶ್ನೆ ಆ ಪ್ರಬಂಧದ ಶೀರ್ಷಿಕೆಯಲ್ಲೇ ಇದೆ.

ಮೈಕ್ರೋಸಾಫ್ಟ್‌ನ ಟೈಪ್‌ಸ್ಕ್ರಿಪ್ಟ್‌ಗೆ ಈ ಚಿಂತೆಯಿಲ್ಲ. 2012ರಲ್ಲಿ ಹೊರಬಂದ ಅದು ಗಡಿಗೆ ಕಾವಲೇ ಇಡಲಿಲ್ಲ. ಅದರ ಟೈಪ್‌ಗಳು ಮಾಯಾವಾದಕ್ಕೆ ಸೇರಿದವು: ಕಂಪೈಲರ್‌ಗೆ ಕಾಣುತ್ತವೆ, ಜಾವಾಸ್ಕ್ರಿಪ್ಟ್ ಆಗಿ ಹೊರಬರುವಷ್ಟರಲ್ಲಿ ಅಳಿಸಿಹೋಗಿರುತ್ತವೆ. ‘ಎನಿ’ ಎಂದು ಬರೆದರಂತೂ ಸಾಕ್ಷಾತ್ ನಿರ್ಗುಣ. ಏನು ಕೇಳಿದರೂ ತಥಾಸ್ತು. 2015ರ ಪೈಥಾನ್ 3.5 ಕೂಡ ಟೈಪ್ ಸೂಚನೆಗಳಿಗೆ ಜಾಗ ಕೊಟ್ಟಿತು. ಓಡುವಾಗ ಮಾತ್ರ ಅವು ಲೆಕ್ಕಕ್ಕಿಲ್ಲ. ಕಾವಲಿಲ್ಲದ ಈ ಮಠಗಳಲ್ಲೇ ಭಕ್ತರ ನೂಕುನುಗ್ಗಲು.

ಕೊನೆಯ ಶಂಕೆ: ಓಡುವಾಗ ಇಲ್ಲದ ಟೈಪನ್ನು ಬರೆಯುವುದೇಕೆ? ಸಮಾಧಾನ: ಎಡಿಟರ್‌ನಲ್ಲಿ ಚುಕ್ಕಿ ಒತ್ತಿದೊಡನೆ ಮುಂದೆ ಬರೆಯಬಹುದಾದ ಹೆಸರುಗಳ ಪಟ್ಟಿ ತಾನಾಗಿ ಇಳಿಯುತ್ತದೆ. ಮೋಕ್ಷವೇ ಬೇಕೆನ್ನುವವರು ರ‍್ಯಾಕೆಟ್ ಕಡೆ ಹೋಗತಕ್ಕದ್ದು.