ರೀಲು ಬಂತು, ಗುಡ್ಡ ಕಂಡಿತು

ಅಂಜನಾದ್ರಿಗೆ 575 ಮೆಟ್ಟಿಲು. ಹುಟ್ಟಿ ಬೆಳೆದದ್ದೆಲ್ಲ ಗಂಗಾವತಿಯಲ್ಲೇ ಆದರೂ ನಮ್ಮ ಅಳಿಯ ಅದರ ಕಡೆ ಹಣಕಿ ನೋಡಿರಲಿಲ್ಲ. ಬೆಂಗಳೂರಿನ ಯಾವನೋ ಕರಿ ಕನ್ನಡಕದವ ಬೆಟ್ಟದ ತುದಿಯಲ್ಲಿ ನಿಂತು ‘ಗೈಸ್, ಮಿಸ್ ಮಾಡ್ಕೋಬೇಡಿ’ ಅಂದದ್ದೇ ತಡ, ಇವನಿಗೆ ಉಂಡ ಅನ್ನ ಮೈಗೆ ಹತ್ತದಾಯಿತು. “ಮಾವಾ, ಮಂದಿ ಎಲ್ಲಾ ಹೋಗಿ ಬಂದಾರ, ನಾವಷ್ಟ ಉಳದೀವಿ!”

ಹೋದ. ಕೂದಲು ಬಾಚಿಕೊಂಡ, ಮುಖ ಓರೆ ಮಾಡಿದ, ವಿಡಿಯೋ ಹಾಕಿದ. ಕೆಳಗಿಳಿಯುವಷ್ಟರಲ್ಲಿ ಆ ಕನ್ನಡಕದವ ಸಾಣಾಪುರದ ಕೆರೆಯಲ್ಲಿ ಹರಿಗೋಲು ಹತ್ತಿದ್ದ. ಮತ್ತೆ ಓಟ!

ಕೊಪ್ಪಳದ ಗವಿಮಠದ ಜಾತ್ರೆಯಲ್ಲಂತೂ ತೇರು ಕಾಣುವುದು ಮುಂದೆ ನಿಂತವನ ಮೊಬೈಲಿನಲ್ಲೇ. ಒಂದು ಕೈಯಲ್ಲಿ ತೇರಿಗೆ ಎಸೆಯುವ ಉತ್ತತ್ತಿ, ಇನ್ನೊಂದರಲ್ಲಿ ಫೋನು. ಯಾವುದು ಹಾರೀತೋ ಎಂದು ನನಗೇ ದಿಗಿಲು. ದಾಸೋಹದ ಬಿಸಿ ಮಿರ್ಚಿಯೂ ಫೋಟೋಕ್ಕೆ ಕೂತು ಕೂತು ಆರಿ ತಣ್ಣಗಾಗುತ್ತದೆ. (ಮಿರ್ಚಿಗೆ ಇಂಥ ಅವಮಾನ ನಮ್ಮ ಸೀಮೆಯಲ್ಲಿ ಹಿಂದೆಂದೂ ಆಗಿರಲಿಕ್ಕಿಲ್ಲ.) ಕುಷ್ಟಗಿಯಲ್ಲಿರುವ ಅಳಿಯನ ತಂಗಿ ಮನೆಯಲ್ಲೇ ಕೂತು ಅದನ್ನೇ ಲೈವ್ ನೋಡಿ, “ಅಣ್ಣಾ, ನನ್ನ ಬಿಟ್ಟು ತಿಂದಿ” ಎಂದು ಅಳುವ ಇಮೋಜಿ ಕಳಿಸುತ್ತಾಳೆ.

“ಲೇ ತಮ್ಮಾ, ಯಲಬುರ್ಗಾ ಕಡೆ ಇಟಗಿ ಮಹಾದೇವ ಗುಡಿ ಐತಿ, ನೋಡೀಯೇನು?” ಎಂದೆ.

“ಟ್ರೆಂಡ್ ಆಗೈತೇನ್ ಮಾವಾ?”

“1112ರಾಗ ಆಗಿತ್ತು. ‘ದೇವಾಲಯ ಚಕ್ರವರ್ತಿ’ ಅಂತ ಶಾಸನದಾಗ ಕಲ್ಲಿನ ಮ್ಯಾಲೆ ರಿವ್ಯೂ ಬರದಾರ. ನಿನ್ನ ಸ್ಟೋರಿ ಹಂಗ 24 ತಾಸಿಗೆ ಅಳಿಸಿ ಹೋಗಂಗಿಲ್ಲ.”

ಅಳಿಯ ಗಂಭೀರವಾಗಿ ಕೇಳಿದ: “ಲೈಕ್ ಎಷ್ಟು ಬಂದಾವು?”